ಎಕ್ಸೋಮ್ ಪರೀಕ್ಷೆ: ಮಕ್ಕಳ ಫಿಲ್ಮ್ ಓದುವವಳ ಅಭಿಪ್ರಾಯ

ನಾನು ಮಕ್ಕಳ ರೇಡಿಯಾಲಜಿಸ್ಟ್. ಮಕ್ಕಳ ಎಕ್ಸ್‌ರೇ, ಅಲ್ಟ್ರಾಸೌಂಡ್, ಎಂಆರ್‌ಐ ನೋಡಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. ವರ್ಷಗಟ್ಟಲೆ ನನ್ನ ರಿಪೋರ್ಟಿನ ಕೊನೆಗೆ ಒಂದು ಸಾಲು ತಾನಾಗಿಯೇ ಬಂದು ಕೂರುತ್ತಿತ್ತು: "ಜೆನೆಟಿಕ್ ಪರೀಕ್ಷೆ ಮಾಡಿಸುವುದು ಒಳ್ಳೆಯದು." ಯಾವ ಪರೀಕ್ಷೆ, ಯಾವ ಜೀನ್, ಯಾರ ರಕ್ತ, ಇದ್ಯಾವುದನ್ನೂ ಬರೆಯುತ್ತಿರಲಿಲ್ಲ. ಆ ಪರೀಕ್ಷೆ ಏನನ್ನು ಹಿಡಿಯುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಅನ್ನುವುದು ನನಗೆ ಗೊತ್ತೂ ಇರಲಿಲ್ಲ.

ಈಗ ಗೊತ್ತಿದೆ, ಒಂದು ಮಟ್ಟಿಗೆ. ಕಳೆದ ಕೆಲವು ವರ್ಷಗಳಲ್ಲಿ ನಾನು ಓದಿದ ಫಿಲ್ಮ್‌ಗಳ ಮಕ್ಕಳಿಗೆ ಎಕ್ಸೋಮ್ ಪರೀಕ್ಷೆ, ಅಂದರೆ ಸಾವಿರಾರು ಜೀನ್‌ಗಳನ್ನು ಒಟ್ಟಿಗೆ ಓದುವ ರಕ್ತಪರೀಕ್ಷೆ, ಮಾಡಿಸಿದಾಗೆಲ್ಲ ಅದರ ರಿಪೋರ್ಟ್ ತರಿಸಿಕೊಂಡು, ನನ್ನ ರಿಪೋರ್ಟಿನ ಪಕ್ಕ ಇಟ್ಟು ಓದಿದ್ದೇನೆ. ಬೇರೆ ಬೇರೆ ಲ್ಯಾಬ್‌ಗಳ ಕೆಲಸ ನೋಡಿದ್ದೇನೆ. ಯಾರ ಹೆಸರನ್ನೂ ಹೇಳುವುದಿಲ್ಲ. ಈ ಸೇವೆಯನ್ನು ನಮ್ಮಂಥವರು ಹೇಗೆ ಬಳಸಬೇಕು, ಎಲ್ಲಿ ನಂಬಬೇಕು, ಎಲ್ಲಿ ಹಟ ಹಿಡಿದು ಫೋನ್ ಮಾಡಬೇಕು ಅನ್ನುವುದನ್ನು ಮಾತ್ರ ಬರೆಯುತ್ತೇನೆ.

ನನ್ನ ಕಣ್ಣು ತೆರೆಸಿದ್ದು ಒಂದು ಮುಂಗೈ ಎಕ್ಸ್‌ರೇ.

ಏಳು ವರ್ಷದ ಹುಡುಗ. ನಾಲ್ಕನೇ ಸಲ ಮೂಳೆ ಮುರಿದಿತ್ತು, ಈ ಸಲ ತೊಡೆಯದು. ಮುರಿದ ಜಾಗದ ಸುತ್ತ ಹೊಸ ಮೂಳೆ ವಿಪರೀತ ಬೆಳೆದಿತ್ತು. ತೊಡೆ ಊದಿ, ಮುಟ್ಟಿದರೆ ಬಿಸಿ. ಮೊದಲು ನೋಡಿದವರಿಗೆ ಗಡ್ಡೆ ಇರಬಹುದು ಅನ್ನಿಸಿತ್ತು. ಬಯಾಪ್ಸಿ ಮಾತೂ ಬಂದಿತ್ತು. ನಾನು ಹಳೆಯ ಫಿಲ್ಮ್‌ಗಳನ್ನೆಲ್ಲ ತೆಗೆಸಿದೆ. ಹಿಂದಿನ ವರ್ಷ ಬಿದ್ದಾಗ ತೆಗೆದ ಮುಂಗೈ ಎಕ್ಸ್‌ರೇ ಒಂದಿತ್ತು. "ಮುರಿತ ಇಲ್ಲ" ಎಂದು ಬರೆದು ಮುಚ್ಚಿಟ್ಟಿದ್ದ ಫಿಲ್ಮ್ ಅದು. ಮುಂಗೈಯ ಎರಡು ಮೂಳೆ, ರೇಡಿಯಸ್ ಮತ್ತು ಅಲ್ನಾ, ಇವುಗಳ ನಡುವಿನ ಜಾಗ ಫಿಲ್ಮಿನಲ್ಲಿ ಮೂಳೆಯಿಲ್ಲದೆ ಬರಿದಾಗಿ ಕಾಣಬೇಕು. ಅಲ್ಲಿ ಇರುವುದು ಬರೀ ಒಂದು ಪೊರೆ. ಈ ಹುಡುಗನ ಫಿಲ್ಮಿನಲ್ಲಿ ಅಲ್ನಾದ ಅಂಚಿನಿಂದ ತೆಳ್ಳಗೆ ಒಂದು ಬಿಳಿ ಏಣು ಎದ್ದು ರೇಡಿಯಸ್ ಕಡೆಗೆ ಚಾಚಿಕೊಂಡಿತ್ತು. ಪೊರೆಯೇ ಮೂಳೆಯಾಗತೊಡಗಿತ್ತು. ರೇಡಿಯಸ್‌ನ ತಲೆ ಮೊಣಕೈ ಕೀಲಿನಿಂದ ಜರುಗಿತ್ತು. ಮಣಿಕಟ್ಟಿನ ಹತ್ತಿರ ಬೆಳವಣಿಗೆ ತಟ್ಟೆಯ ಕೆಳಗೆ ಒಂದು ದಟ್ಟ ಬಿಳಿ ಗೆರೆ.

ಹುಡುಗನನ್ನು ಕರೆಸಿ ನೋಡಿದೆ. ಕಣ್ಣಿನ ಬಿಳಿಭಾಗ ಬೆಳ್ಳಗೇ ಇತ್ತು, ನೀಲಿ ಇರಲಿಲ್ಲ. ಹಲ್ಲು ಚೆನ್ನಾಗಿದ್ದವು. "ಅಂಗೈ ಮೇಲೆ ಮಾಡು ಮರಿ" ಅಂದೆ. ಮುಂಗೈ ತಿರುಗಲಿಲ್ಲ. ಭುಜವನ್ನೇ ಓರೆ ಮಾಡಿ, ಮೈ ವಾಲಿಸಿ, ಹೇಗೋ ಅಂಗೈ ತೋರಿಸಿದ.

ಮೂಳೆ ಸುಲಭವಾಗಿ ಮುರಿಯುವ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ರೋಗದಲ್ಲಿ ಐದನೇ ಬಗೆ ಇದು. ಬಯಾಪ್ಸಿ ಬೇಡ ಅಂದೆವು. ಎಕ್ಸೋಮ್‌ಗೆ ರಕ್ತ ಹೋಯಿತು, ಮಗುವಿನದು ಮತ್ತು ಅಪ್ಪ ಅಮ್ಮನದು. ಆರು ವಾರ ಕಳೆದ ಮೇಲೆ ರಿಪೋರ್ಟ್ ಬಂತು. ಮೇಲೆ ದಪ್ಪಕ್ಷರದಲ್ಲಿ ಒಂದೇ ಪದ: "ನೆಗೆಟಿವ್."

ಇದಾದ ಮೇಲೆ ಮನೆಯವರಿಗೆ ಏನನ್ನಿಸುತ್ತದೆ ಹೇಳಿ. ಜೀನ್‌ನಲ್ಲಿ ಏನೂ ತೊಂದರೆ ಇಲ್ಲ ಅಂತಲೇ ಅಲ್ವಾ? ಎಷ್ಟೋ ವೈದ್ಯರೂ ಹಾಗೇ ಓದುತ್ತಾರೆ. ನಾನೂ ಮೊದಲು ಹಾಗೇ ಓದುತ್ತಿದ್ದೆ.

ಈ ಪರೀಕ್ಷೆ ಏನು ಮಾಡುತ್ತದೆ ಅಂತ ನೋಡೋಣ. ನಮ್ಮ ಜೀನೋಮ್‌ನಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಪ್ರೋಟೀನ್ ತಯಾರಿಸಲು ಹೇಳುವ ಭಾಗ ಅದರಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಆ ಪಾಲಿನ ಹೆಸರೇ ಎಕ್ಸೋಮ್. ಪರೀಕ್ಷೆ ಸುಮಾರು 20,000 ಜೀನ್‌ಗಳ ಈ ಭಾಗವನ್ನು ಹೆಕ್ಕಿ ಓದುತ್ತದೆ. ಯಾರನ್ನೇ ಓದಿದರೂ ಮಾದರಿ ಪ್ರತಿಗಿಂತ ಸಾವಿರಾರು ಕಡೆ ಅಕ್ಷರ ಬೇರೆ ಇರುತ್ತದೆ. ಬಹುಪಾಲು ನಿರುಪದ್ರವಿ. ಆ ರಾಶಿಯನ್ನು ಜರಡಿ ಹಿಡಿದು ಒಂದೋ ಎರಡೋ ಉಳಿಸಿಕೊಳ್ಳುವುದೇ ಲ್ಯಾಬಿನ ಅಸಲಿ ಕೆಲಸ. ಓದುವುದು ಯಂತ್ರ. ಜರಡಿಯ ಕಣ್ಣು ಎಷ್ಟು ದೊಡ್ಡದಿರಬೇಕು ಅಂತ ಹೇಳುವುದು ಮನುಷ್ಯರು, ಅದೂ ನಾವು ಫಾರಂನಲ್ಲಿ ಬರೆದು ಕಳಿಸಿದ ವಿಷಯವನ್ನು ನೋಡಿಕೊಂಡು.

ಐದನೇ ಬಗೆಯ ಕಾರಣ 2012ರಲ್ಲಿ ಗೊತ್ತಾಯಿತು. ಐಎಫ್‌ಐಟಿಎಂ5 ಅನ್ನುವ ಜೀನ್. ರೋಗಿಗಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಅದೇ ಒಂದು ಬದಲಾವಣೆ: ಪ್ರೋಟೀನ್ ಶುರುವಾಗುವ ಜಾಗಕ್ಕಿಂತ 14 ಅಕ್ಷರ ಹಿಂದೆ, 'ಸಿ' ಇರಬೇಕಾದಲ್ಲಿ 'ಟಿ'. ಅದರಿಂದ ಹೊಸದೊಂದು ಆರಂಭದ ಗುರುತು ಹುಟ್ಟಿಕೊಳ್ಳುತ್ತದೆ. ಪ್ರೋಟೀನಿನ ಮುಂಭಾಗಕ್ಕೆ ಐದು ಅಮೈನೋ ಆಮ್ಲ ಜಾಸ್ತಿ ಸೇರುತ್ತವೆ. ಅಷ್ಟೇ. ಆದರೆ ಆ ಜಾಗ ಪ್ರೋಟೀನ್ ಬರೆಯುವ ಭಾಗದ ಹೊರಗಿದೆ. ಹೊಸ್ತಿಲಿನ ಆಚೆ. ಅನೇಕ ಲ್ಯಾಬ್‌ಗಳ ಜರಡಿ ಹೊಸ್ತಿಲಿನಿಂದ ಈಚೆಗಿನದನ್ನು ಮಾತ್ರ ಉಳಿಸಿಕೊಳ್ಳುತ್ತದೆ.

ಲ್ಯಾಬಿಗೆ ಫೋನ್ ಮಾಡಿದೆ. ಅಲ್ಲಿನ ವಿಶ್ಲೇಷಕಿ ಸಿಕ್ಕರು. ನಾನು ಫಿಲ್ಮಿನ ಮೂರು ಗುರುತು ಹೇಳಿದೆ: ಪೊರೆ ಮೂಳೆಯಾಗಿದೆ, ರೇಡಿಯಸ್ ತಲೆ ಜರುಗಿದೆ, ಕ್ಯಾಲಸ್, ಅಂದರೆ ಮುರಿದ ಜಾಗದ ಹೊಸ ಮೂಳೆ, ವಿಪರೀತ ಬೆಳೆದಿದೆ. ಅವರು ಫೋನ್ ಇಡಲಿಲ್ಲ. "ಒಂದು ನಿಮಿಷ ಇರಿ" ಅಂದು ಕಚ್ಚಾ ದತ್ತಾಂಶ ತೆರೆದರು. ಹೊಸ್ತಿಲ ಆಚೆಗಿನ ಆ 14 ಅಕ್ಷರವನ್ನೂ ಯಂತ್ರ ಓದಿಟ್ಟಿತ್ತು. ಪಕ್ಕದ ಭಾಗ ಓದುವಾಗ ಅಂಚು ಸ್ವಲ್ಪ ಸೇರಿಕೊಂಡು ಬರುತ್ತದೆ. "ಇದೆ ಡಾಕ್ಟರ್. ಅರ್ಧದಷ್ಟು ಓದುಗಳಲ್ಲಿ ಟಿ ಇದೆ" ಅಂದರು. ಅಂದರೆ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಬದಲಾಗಿದೆ.

ಉತ್ತರ ಲ್ಯಾಬಿನ ಕೈಯಲ್ಲೇ ಇತ್ತು. ಯಾರೂ ಕೇಳಿರಲಿಲ್ಲ. ಫಾರಂ ತರಿಸಿ ನೋಡಿದೆ. ರೋಗದ ವಿವರ ಬರೆಯುವ ಜಾಗದಲ್ಲಿ ಎರಡೇ ಪದ ಇತ್ತು: "ಪದೇಪದೇ ಮುರಿತ." ನಾನು ಮುಂಗೈ ಫಿಲ್ಮಿನಲ್ಲಿ ಕಂಡದ್ದೆಲ್ಲ ನನ್ನ ರಿಪೋರ್ಟಿನಲ್ಲೇ ಉಳಿದಿತ್ತು. ರಕ್ತ ಕಳಿಸಿದವರ ಫಾರಂವರೆಗೆ ಅದು ಹೋಗಿರಲೇ ಇಲ್ಲ.

ಆವತ್ತಿನಿಂದ ನಾನು ಒಂದು ಕೆಲಸ ಶುರು ಮಾಡಿದೆ. ಜೆನೆಟಿಕ್ ಪರೀಕ್ಷೆ ಸೂಚಿಸುವ ಪ್ರತಿ ರಿಪೋರ್ಟಿಗೂ ನಾಲ್ಕು ಸಾಲಿನ ಒಂದು ಚೀಟಿ ಸೇರಿಸುತ್ತೇನೆ. ಅದು ಲ್ಯಾಬಿಗಾಗಿಯೇ ಬರೆದದ್ದು. ಅದರಲ್ಲಿ ಎಚ್‌ಪಿಒ ಪದಗಳನ್ನು ಬಳಸುತ್ತೇನೆ. ಹ್ಯೂಮನ್ ಫೀನೋಟೈಪ್ ಆಂಟಾಲಜಿ ಅಂತ ಅದರ ಪೂರ್ತಿ ಹೆಸರು, 2008ರಲ್ಲಿ ಶುರುವಾದದ್ದು. ರೋಗಲಕ್ಷಣಗಳಿಗೆ ಒಂದೊಂದು ನಿಗದಿತ ಪದ, ಒಂದೊಂದು ಸಂಖ್ಯೆ ಕೊಟ್ಟ ದೊಡ್ಡ ಪದಕೋಶ. 15,000ಕ್ಕೂ ಹೆಚ್ಚು ಪದಗಳಿವೆ, ಉಚಿತ. ನಮ್ಮ ಫಿಲ್ಮಿನ ಗುರುತುಗಳೂ ಅದರಲ್ಲಿವೆ. ಮಿದುಳಿನ ಎಂಆರ್‌ಐಯಲ್ಲಿ ಕಾಣುವ 'ಮೋಲಾರ್ ಟೂತ್ ಸೈನ್', ಅಂದರೆ ದವಡೆ ಹಲ್ಲಿನ ಆಕಾರ, ಅದಕ್ಕೂ ಸಂಖ್ಯೆ ಇದೆ. ಆ ಒಂದು ಪದ ಬರೆದರೆ ಲ್ಯಾಬಿನ ಸಾಫ್ಟ್‌ವೇರ್ ಆ ಗುರುತು ಕಾಣುವ ರೋಗವಾದ ಜೂಬರ್ ಸಿಂಡ್ರೋಮ್‌ನ ಜೀನ್‌ಗಳನ್ನೆಲ್ಲ ಸಾಲಿನ ಮುಂದಕ್ಕೆ ತರುತ್ತದೆ. ಅದೇ ಮಗುವಿಗೆ "ಬೆಳವಣಿಗೆ ನಿಧಾನ" ಅಂತ ಮಾತ್ರ ಬರೆದರೆ? ಅದು ನೂರಾರು ಜೀನ್‌ಗಳಿಗೆ ಹೊಂದುವ ಮಾತು. ಸಾಫ್ಟ್‌ವೇರಿಗೂ ದಾರಿ ಸಿಗುವುದಿಲ್ಲ.

ಲ್ಯಾಬ್ ಆರಿಸುವಾಗ ಈಗ ನಾನು ಮೊದಲು ನೋಡುವುದು ಅದರ ಫಾರಂ. ಒಂದು ಲ್ಯಾಬಿನ ಫಾರಂನಲ್ಲಿ ರೋಗದ ವಿವರಕ್ಕೆ ಒಂದೇ ಗೆರೆ ಇತ್ತು, ಬೆರಳಗಲದ ಗೆರೆ. ಅಲ್ಲಿಗೆ ಕಳಿಸುವುದನ್ನು ಬಿಟ್ಟೆ. ಇನ್ನೊಂದು ಲ್ಯಾಬ್ ಎಕ್ಸ್‌ರೇ, ಎಂಆರ್‌ಐ ರಿಪೋರ್ಟನ್ನೇ ಸೇರಿಸಿ ಕಳಿಸಿ ಅನ್ನುತ್ತದೆ. ಅನುಮಾನ ಬಂದರೆ ಅವರೇ ಫೋನ್ ಮಾಡಿ, "ಮಿದುಳಿನ ಆಳದ ಕಾಡೇಟ್ ಮತ್ತು ಪುಟಾಮೆನ್ ಬೇರೆ ಬೇರೆ ಕಾಣುತ್ತಿವೆಯಾ, ಇನ್ನೊಮ್ಮೆ ನೋಡುತ್ತೀರಾ?" ಅಂತ ಕೇಳುತ್ತಾರೆ. ಇಂಥ ಲ್ಯಾಬ್ ಸಿಕ್ಕರೆ ಬಿಡಬೇಡಿ.

ಆ ಫೋನಿನ ಕಥೆಯೂ ಹೇಳಬೇಕಾದದ್ದೇ. ಹತ್ತು ತಿಂಗಳ ಹೆಣ್ಣು ಮಗು, ಫಿಟ್ಸ್ ಬರುತ್ತಿತ್ತು. ಎಂಆರ್‌ಐಯಲ್ಲಿ ಮಿದುಳಿನ ಮಡಿಕೆಗಳು ಕಡಿಮೆ ಇವೆ ಅಂತ ಬರೆದಿದ್ದೆ. ಲ್ಯಾಬಿನವರಿಗೆ ಟಿಯುಬಿಎ1ಎ ಜೀನ್‌ನಲ್ಲಿ ಒಂದು ಬದಲಾವಣೆ ಸಿಕ್ಕಿತ್ತು. ಆದರೆ ಆ ಬದಲಾವಣೆಯನ್ನು ಹಿಂದೆ ಯಾರೂ ವರದಿ ಮಾಡಿರಲಿಲ್ಲ. ಇದು ಟ್ಯೂಬುಲಿನ್ ಜೀನ್‌ಗಳಲ್ಲಿ ಒಂದು; ಅವು ಕೆಟ್ಟಾಗ ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ವಿಚಿತ್ರ ಆಕಾರ ಪಡೆಯುತ್ತದೆ. ಕಾಡೇಟ್ ಮತ್ತು ಪುಟಾಮೆನ್ ನಡುವೆ ಹಾದುಹೋಗಬೇಕಾದ ಬಿಳಿ ಪಟ್ಟಿ, ಅಂದರೆ ಇಂಟರ್ನಲ್ ಕ್ಯಾಪ್ಸೂಲ್‌ನ ಮುಂಭಾಗ, ಸರಿಯಾಗಿ ಮೂಡಿರುವುದಿಲ್ಲ. ಎರಡೂ ಅಂಟಿಕೊಂಡ ಹಾಗೆ ಕಾಣುತ್ತವೆ. ಫೋನ್ ಹಿಡಿದುಕೊಂಡೇ ಎಂಆರ್‌ಐ ತೆರೆದೆ. ನನ್ನ ಗಮನವೆಲ್ಲ ಮೊದಲ ಸಲ ಮಿದುಳಿನ ಹೊರಪದರದ ಮೇಲೇ ಇತ್ತು. ಈಗ ಒಳಗೆ ನೋಡಿದೆ. ಅಂಟಿಕೊಂಡಿದ್ದವು, ಎರಡೂ ಬದಿ. ನಾನು ತಿದ್ದುಪಡಿ ಬರೆದು ಕಳಿಸಿದೆ. ಅಪ್ಪ ಅಮ್ಮನಲ್ಲಿ ಆ ಬದಲಾವಣೆ ಇಲ್ಲ ಅನ್ನುವುದೂ ಅದಕ್ಕೆ ಸೇರಿತು. ಲ್ಯಾಬ್ ತನ್ನ ತೀರ್ಮಾನವನ್ನು ಒಂದು ಮೆಟ್ಟಿಲು ಮೇಲೇರಿಸಿತು.

ಈ ಮೆಟ್ಟಿಲುಗಳ ವಿಷಯ ನಮ್ಮಂಥವರಿಗೆ ಗೊತ್ತಿರಲೇಬೇಕು. ಅಮೆರಿಕದ ವೈದ್ಯಕೀಯ ಜೆನೆಟಿಕ್ಸ್ ತಜ್ಞರ ಎಸಿಎಂಜಿ ಸಂಸ್ಥೆ 2015ರಲ್ಲಿ ಕೊಟ್ಟ ನಿಯಮಗಳನ್ನೇ ಬಹಳಷ್ಟು ಲ್ಯಾಬ್‌ಗಳು ಪಾಲಿಸುತ್ತವೆ. ಐದು ಮೆಟ್ಟಿಲು. ಕೆಳಗೆ ನಿರುಪದ್ರವಿ, ಅದರ ಮೇಲೆ ಬಹುಶಃ ನಿರುಪದ್ರವಿ, ಮೇಲ್ತುದಿಯಲ್ಲಿ ರೋಗಕಾರಕ, ಅದರ ಕೆಳಗೆ ಬಹುಶಃ ರೋಗಕಾರಕ. ನಟ್ಟನಡುವೆ ಇರುವುದು ವಿಯುಎಸ್, ಅಂದರೆ ಅರ್ಥ ಇನ್ನೂ ಗೊತ್ತಾಗದ ಬದಲಾವಣೆ. ತೀರ್ಮಾನಕ್ಕೆ ಎಣಿಸುವ ಸಾಕ್ಷಿಗಳಲ್ಲಿ ಪಿಪಿ4 ಅಂತ ಒಂದಿದೆ. ಮಗುವಿನ ಲಕ್ಷಣಗಳು ಆ ಒಂದು ಜೀನ್‌ನ ರೋಗಕ್ಕೆ ತುಂಬ ನಿರ್ದಿಷ್ಟವಾಗಿ ಹೊಂದಿದರೆ ಅದೂ ಒಂದು ಸಾಕ್ಷಿ. ಆ ಸಾಕ್ಷಿ ಎಷ್ಟೋ ಸಲ ನಮ್ಮ ಫಿಲ್ಮಿನಲ್ಲೇ ಇರುತ್ತದೆ. ನಾವು ಬಾಯಿಬಿಟ್ಟರೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

ವಿಯುಎಸ್ ಬಗ್ಗೆ ನನಗೆ ತುಂಬ ಕಾಳಜಿ ಇದೆ. ಅದನ್ನು ತಪ್ಪಾಗಿ ಓದಿದ್ದನ್ನು ನೋಡಿ ನೊಂದಿದ್ದೇನೆ. ಒಂದು ಪುಟ್ಟ ಮಗು. ಪಕ್ಕೆಲುಬು ಮುರಿದಿದ್ದವು, ಮೂಳೆಯ ತುದಿಗಳಲ್ಲಿ ಎಳೆದು ತಿರುಚಿದಾಗ ಆಗುವಂಥ ಗಾಯ ಕಾಣುತ್ತಿತ್ತು. ಮೂಳೆಗಳ ಸಾಂದ್ರತೆ ಚೆನ್ನಾಗಿತ್ತು. ನಾನು ಅದನ್ನೆಲ್ಲ ಸ್ಪಷ್ಟವಾಗಿ ಬರೆದಿದ್ದೆ. ಜೆನೆಟಿಕ್ ರಿಪೋರ್ಟಿನಲ್ಲಿ ಕೊಲಾಜೆನ್ ಜೀನ್ ಒಂದರಲ್ಲಿ ವಿಯುಎಸ್ ಬಂತು. ಅಷ್ಟಕ್ಕೇ ಒಬ್ಬರು, "ಹಾಗಾದರೆ ಮೂಳೆ ರೋಗವೇ ಇರಬೇಕು ಬಿಡಿ" ಅಂದರು. ಅರ್ಥ ಗೊತ್ತಿಲ್ಲ ಅಂತ ಬರೆದದ್ದನ್ನು ಹೌದು ಅಂತ ಓದಿದರೆ ಆ ಮಗುವನ್ನು ಮತ್ತೆ ಅದೇ ಅಪಾಯಕ್ಕೆ ಕಳಿಸಿದ ಹಾಗಾಗುತ್ತದೆ. ಇದಕ್ಕೆ ಉಲ್ಟಾ ಕೂಡ ಅಷ್ಟೇ ನಿಜ. ನಿಜವಾಗಿ ಮೂಳೆ ರೋಗ ಇರುವ ಮಗುವಿನ ಅಪ್ಪ ಅಮ್ಮನನ್ನು ಅನುಮಾನಿಸುವುದೂ ಅನ್ಯಾಯ. ವಿಯುಎಸ್ ಒಂದನ್ನೇ ಹಿಡಿದು ಯಾವ ನಿರ್ಧಾರವನ್ನೂ ಮಾಡಬಾರದು. ಫಿಲ್ಮಿಗೆ ವಾಪಸ್ ಹೋಗಬೇಕು. ಜೀನ್‌ನ ಮಾತು ಅರ್ಧ ಕೇಳಿ ಮೂಳೆಯ ಮಾತನ್ನು ಕೈಬಿಡಬಾರದು.

ಇನ್ನು, ಎಲ್ಲದಕ್ಕೂ ಎಕ್ಸೋಮ್ ಬೇಕಾ? ಬೇಡ. ಕೈಕಾಲು ಗಿಡ್ಡವಾಗಿ ಕುಳ್ಳಾಗುವ ಅಕಾಂಡ್ರೋಪ್ಲೇಸಿಯಾ ತಗೊಳ್ಳಿ. ಸೊಂಟದ ಬೆನ್ನುಮೂಳೆಯಲ್ಲಿ ಕೆಳಗೆ ಇಳಿದಂತೆ ಪೆಡಿಕಲ್‌ಗಳ (ಪ್ರತಿ ಬೆನ್ನುಮೂಳೆಯ ಎರಡು ಬದಿಯ ಕಂಬಗಳ) ನಡುವಿನ ಅಂತರ ಹೆಚ್ಚಬೇಕು, ಇವರಲ್ಲಿ ಕಡಿಮೆಯಾಗುತ್ತದೆ. ಸೊಂಟದ ಮೂಳೆ ಚೌಕಾಕಾರ. ಇಷ್ಟು ಕಂಡರೆ ಎಫ್‌ಜಿಎಫ್‌ಆರ್3 ಜೀನ್‌ನ ಒಂದೇ ಜಾಗ ಓದಿದರೆ ಸಾಕು. ಬಹುಪಾಲು ಎಲ್ಲರಲ್ಲೂ 380ನೇ ಜಾಗದಲ್ಲಿ ಗ್ಲೈಸೀನ್ ಹೋಗಿ ಆರ್ಜಿನೀನ್ ಬಂದಿರುತ್ತದೆ. ಇಂಥ ಕಡೆ ಎಕ್ಸೋಮ್ ಅಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಮೂಳೆ ರೋಗಗಳ ಪಟ್ಟಿಯನ್ನು 2023ರಲ್ಲಿ ಪರಿಷ್ಕರಿಸಿದಾಗ 41 ಗುಂಪು, 771 ರೋಗ, 552 ಜೀನ್ ಇದ್ದವು. ಅಷ್ಟರಲ್ಲಿ ಯಾವುದು ಅಂತ ಫಿಲ್ಮ್ ನೋಡಿ ಹೇಳಲಾಗದಿದ್ದಾಗ ಎಕ್ಸೋಮ್ ಬೇಕು. ಯಾವ ಗುಂಪು ಅಂತ ಹೇಳಲಾದರೂ ಸಾಕು, ಜರಡಿ ಹಿಡಿಯುವವರಿಗೆ ದೊಡ್ಡ ಸಹಾಯ.

ಎಕ್ಸೋಮ್ ಬಿಟ್ಟುಬಿಡುವುದೂ ಸಾಕಷ್ಟಿದೆ. ಇದನ್ನು ರಿಪೋರ್ಟಿನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ, ಮೊದಲ ಪುಟದಲ್ಲೇ ಇರಬೇಕಿತ್ತು ಅನ್ನುವುದು ನನ್ನ ದೊಡ್ಡ ದೂರು. ದೇಹದ ಒಂದು ಭಾಗದಲ್ಲಿ ಮಾತ್ರ ಇರುವ ಬದಲಾವಣೆ ರಕ್ತದಲ್ಲಿ ಸಿಗದೇ ಇರಬಹುದು. ಮಿದುಳಿನ ಒಂದೇ ಅರ್ಧ ದೊಡ್ಡದಾಗಿರುವ ಮಗುವಿನಲ್ಲಿ ಪಿಐಕೆ3ಸಿಎ ಜೀನ್‌ನ ಬದಲಾವಣೆ ಆ ಅರ್ಧದಲ್ಲೇ ಕುಳಿತಿರಬಹುದು. ಮೂಳೆಯ ಜಾಗದಲ್ಲಿ ನಾರಿನಂಥ ಅಂಗಾಂಶ ಬೆಳೆಯುವ ಫೈಬ್ರಸ್ ಡಿಸ್‌ಪ್ಲೇಸಿಯಾ ಇರುವ ಮೆಕ್ಯೂನ್ ಆಲ್‌ಬ್ರೈಟ್ ಸಿಂಡ್ರೋಮ್‌ನಲ್ಲಿ ಜಿಎನ್‌ಎಎಸ್ ಕೂಡ ಹಾಗೇ. ಇಂಥ ಕಡೆ ರಕ್ತ ಕಳಿಸಿ ನೆಗೆಟಿವ್ ಪಡೆದು ಸುಮ್ಮನಾಗುವುದರಲ್ಲಿ ಅರ್ಥವಿಲ್ಲ, ತೊಂದರೆ ಇರುವ ಭಾಗದ ತುಣುಕು ಬೇಕು. ಬೆಕ್‌ವಿತ್ ವೀಡೆಮನ್ ಸಿಂಡ್ರೋಮ್‌ನಲ್ಲಿ ನಾಲಗೆ ದೊಡ್ಡದು, ಹೊಟ್ಟೆಯ ಅಂಗಗಳು ದೊಡ್ಡವು, ಕಿಡ್ನಿ ಮತ್ತು ಲಿವರ್ ಗಡ್ಡೆಗಾಗಿ ನಾವು ಪದೇಪದೇ ಅಲ್ಟ್ರಾಸೌಂಡ್ ಮಾಡುತ್ತೇವೆ. ಅದರ ಕಾರಣ ಬಹಳ ಸಲ 11ನೇ ಕ್ರೋಮೋಸೋಮಿನ ಮೆತಿಲೇಷನ್‌ನಲ್ಲಿ, ಅಂದರೆ ಜೀನ್‌ಗಳನ್ನು ನಿಯಂತ್ರಿಸುವ ರಾಸಾಯನಿಕ ಗುರುತಿನಲ್ಲಿ, ಇರುತ್ತದೆ. ಅಕ್ಷರ ಬದಲಾಗಿರುವುದೇ ಇಲ್ಲ. ಅಕ್ಷರ ಓದುವ ಪರೀಕ್ಷೆಗೆ ಅದು ಹೇಗೆ ಕಾಣಬೇಕು? ಇನ್ನು ಮಿದುಳಿನ ಆಳದಲ್ಲಿ ಎರಡೂ ಬದಿ ಒಂದೇ ರೀತಿ ಕಲೆ ಕಂಡು ಲೀ ಸಿಂಡ್ರೋಮ್ ಅನ್ನಿಸಿದರೆ, ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾದ ಡಿಎನ್‌ಎಯನ್ನೂ ಓದಿ ಅಂತ ಬೇರೆಯಾಗಿ ಕೇಳಬೇಕು. ಎಲ್ಲ ಎಕ್ಸೋಮ್‌ಗಳಲ್ಲೂ ಅದು ಸೇರಿರುವುದಿಲ್ಲ.

ಕ್ರೋಮೋಸೋಮಿನ ತುಂಡೇ ಹಾರಿಹೋಗಿದ್ದರೆ ಮೈಕ್ರೋಅರೇ ಅನ್ನುವ ಬೇರೆ ಪರೀಕ್ಷೆ ಚೆನ್ನಾಗಿ ಹಿಡಿಯುತ್ತದೆ. ಹೃದಯದಿಂದ ಹೊರಡುವ ಮಹಾಧಮನಿಯ ಕಮಾನು ತುಂಡಾಗಿದ್ದು ಎದೆಯ ಫಿಲ್ಮಿನಲ್ಲಿ ಥೈಮಸ್ ಗ್ರಂಥಿ ಕಾಣದಿದ್ದರೆ, 22ನೇ ಕ್ರೋಮೋಸೋಮಿನ ತುಂಡು ಹೋಗಿರಬಹುದೆಂದು ನಾನು ಆವತ್ತೇ ಫೋನ್ ಮಾಡುತ್ತೇನೆ. ನಯವಾದ ಮಿದುಳಿನಲ್ಲೂ ಹೀಗೇ ದಾರಿ ಕವಲೊಡೆಯುತ್ತದೆ. ಹಿಂಭಾಗ ಜಾಸ್ತಿ ನಯವಾಗಿದ್ದರೆ ಎಲ್‌ಐಎಸ್1 ಜೀನ್, ಮುಂಭಾಗ ಜಾಸ್ತಿ ನಯವಾಗಿದ್ದರೆ ಡಿಸಿಎಕ್ಸ್ ಜೀನ್. ಹಿಂದೆಯೋ ಮುಂದೆಯೋ ಅನ್ನುವ ಒಂದು ಪದ ಬರೆಯಲು ನಮಗೆ ಎಷ್ಟು ಹೊತ್ತು ಬೇಕು? ಆದರೂ ಎಷ್ಟೋ ರಿಪೋರ್ಟ್‌ಗಳಲ್ಲಿ ಬರೀ "ಲಿಸ್ಸೆನ್ಸೆಫಲಿ" (ನಯವಾದ ಮಿದುಳು) ಅಂತಷ್ಟೇ ಇರುತ್ತದೆ.

ಪಕ್ಕದಲ್ಲಿ ತೆರೆದಿಟ್ಟುಕೊಳ್ಳಲು ಒಳ್ಳೆಯ ಉಚಿತ ಸಾಧನಗಳಿವೆ. ನಾನು ಅತಿ ಹೆಚ್ಚು ಬಳಸುವುದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೀನ್‌ರಿವ್ಯೂಸ್. ಒಂದೊಂದು ರೋಗಕ್ಕೆ ಒಂದೊಂದು ಅಧ್ಯಾಯ, 800ಕ್ಕೂ ಹೆಚ್ಚಿವೆ. ಯಾವ ಪರೀಕ್ಷೆ ಮೊದಲು, ಎಷ್ಟು ಪಾಲು ರೋಗಿಗಳಲ್ಲಿ ಅದು ಸಿಗುತ್ತದೆ ಅನ್ನುವ ಕೋಷ್ಟಕ ಪ್ರತಿ ಅಧ್ಯಾಯದಲ್ಲೂ ಇರುತ್ತದೆ. ನಾನು ಮೊದಲು ನೇರ ಅಲ್ಲಿಗೇ ಹೋಗುತ್ತೇನೆ. ಆಮೇಲೆ ನಿಗಾ ವಹಿಸುವ ಭಾಗ: ಯಾವ ಸ್ಕ್ಯಾನ್, ಯಾವ ವಯಸ್ಸಿನಿಂದ, ಎಷ್ಟು ಸಲ. ಇದು ನಮ್ಮದೇ ಕೆಲಸ ಅಲ್ವಾ? ಒಎಂಐಎಂ ಇನ್ನೊಂದು. ವಿಕ್ಟರ್ ಮೆಕ್ಯೂಸಿಕ್ 1966ರಲ್ಲಿ ಪುಸ್ತಕವಾಗಿ ಶುರು ಮಾಡಿದ ಪಟ್ಟಿ, ಈಗ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದರಲ್ಲಿ ಎಲ್ಲ ಇದೆ, ಆದರೆ ಇತಿಹಾಸದ ಪದರ ಪದರವಾಗಿ ಇದೆ, ಅವಸರದಲ್ಲಿ ಓದಲು ಕಷ್ಟ. ಒಂದು ಬದಲಾವಣೆಯನ್ನು ಬೇರೆ ಲ್ಯಾಬ್‌ಗಳು ಏನಂದಿವೆ ಅಂತ ನೋಡಲು ಕ್ಲಿನ್‌ವಾರ್. ಸಾಮಾನ್ಯ ಜನರಲ್ಲಿ ಅದು ಎಷ್ಟು ಇದೆ ಅಂತ ನೋಡಲು ನೊಮ್ಯಾಡ್, 8 ಲಕ್ಷಕ್ಕೂ ಹೆಚ್ಚು ಜನರ ದತ್ತಾಂಶ ಅದರಲ್ಲಿದೆ. ಮಕ್ಕಳಲ್ಲಿ ತೀವ್ರ ರೋಗ ತರುತ್ತದೆ ಅಂದ ಬದಲಾವಣೆ ಅಲ್ಲಿ ನೂರಾರು ಜನರಲ್ಲಿ ಸಿಕ್ಕರೆ, ಅನುಮಾನಪಡಿ.

ಇಷ್ಟೆಲ್ಲ ಯಾಕೆ ಅಂತ ಕೆಲವರು ಕೇಳುತ್ತಾರೆ. ಹೆಸರು ಸಿಕ್ಕರೆ ಚಿಕಿತ್ಸೆ ಇದೆಯಾ ಅಂತ. ಕೆಲವಕ್ಕೆ ಈಗ ಇದೆ. ಹೈಪೋಫಾಸ್ಫಟೇಸಿಯಾ ಫಿಲ್ಮಿನಲ್ಲಿ ರಿಕೆಟ್ಸ್ ಹಾಗೇ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಬೆಳವಣಿಗೆ ತಟ್ಟೆಯಿಂದ ಮೂಳೆಯೊಳಗೆ ನಾಲಗೆ ಚಾಚಿದ ಹಾಗೆ ಕಪ್ಪು ತುಣುಕು. ರಿಕೆಟ್ಸ್‌ನಲ್ಲಿ ರಕ್ತದ ಆಲ್ಕಲೈನ್ ಫಾಸ್ಫಟೇಸ್ ಎನ್‌ಜೈಮ್ ಏರಿರುತ್ತದೆ, ಇದರಲ್ಲಿ ಇಳಿದಿರುತ್ತದೆ. ರಿಕೆಟ್ಸ್ ಅಂತ ವಿಟಮಿನ್ ಡಿ ಕೊಡುತ್ತಾ ಹೋದರೆ ಕೆಲವು ಮಕ್ಕಳಲ್ಲಿ ರಕ್ತದ ಕ್ಯಾಲ್ಸಿಯಂ ಇನ್ನೂ ಏರಬಹುದು. ಎಎಲ್‌ಪಿಎಲ್ ಜೀನ್ ಅಂತ ಗೊತ್ತಾದರೆ ಕಾಣೆಯಾದ ಎನ್‌ಜೈಮನ್ನೇ ಕೊಡುವ ಔಷಧ 2015ರಿಂದ ಇದೆ. ಶ್ವಾಸಕೋಶದ ಗುಳ್ಳೆಯ ಉದಾಹರಣೆಯೂ ಇದೆ. ಹುಟ್ಟಿನಿಂದ ಬಂದ ಸಾದಾ ಗುಳ್ಳೆ ಅಂತ ಕಂಡದ್ದು ಕೆಲವೊಮ್ಮೆ ಪ್ಲೂರೋಪಲ್ಮನರಿ ಬ್ಲಾಸ್ಟೋಮಾ ಅನ್ನುವ ಶ್ವಾಸಕೋಶದ ಕ್ಯಾನ್ಸರಿನ ಮೊದಲ ಹಂತ. ಅದರ ಹಿಂದೆ ಡೈಸರ್1 ಜೀನ್ ಇದೆ ಅಂತ 2009ರಲ್ಲಿ ತಿಳಿಯಿತು. ಆ ಜೀನ್ ಸಿಕ್ಕರೆ ಕಿಡ್ನಿಯನ್ನೂ ನೋಡಬೇಕು, ಅಣ್ಣ ತಮ್ಮ ಅಕ್ಕ ತಂಗಿಯರನ್ನೂ ನೋಡಬೇಕು. ಕ್ಯಾನ್ಸರ್ ಅಪಾಯ ಹೆಚ್ಚಿಸುವ ಟಿಪಿ53 ಜೀನ್ ಬದಲಾವಣೆ ಸಿಕ್ಕರೆ ಸಿಟಿ ಬದಲು ಸಾಧ್ಯವಾದಲ್ಲೆಲ್ಲ ಎಂಆರ್‌ಐ, ಅಲ್ಟ್ರಾಸೌಂಡ್. ಆ ಮಕ್ಕಳಿಗೆ ವಿಕಿರಣ ಕಡಿಮೆಯಾದಷ್ಟೂ ಒಳ್ಳೆಯದು. ಜೆನೆಟಿಕ್ ರಿಪೋರ್ಟ್ ಬಂದ ಮೇಲೆ ನಮ್ಮ ಕೆಲಸ ಮುಗಿಯುವುದಿಲ್ಲ, ಬದಲಾಗುತ್ತದೆ. ಅದಕ್ಕೇ ರಿಪೋರ್ಟಿನ ಒಂದು ಪ್ರತಿ ನಮಗೂ ಬರಬೇಕು ಅಂತ ನಾನು ಹಟ ಹಿಡಿಯುತ್ತೇನೆ.

ಲ್ಯಾಬ್‌ಗೆ ಕೇಳಬೇಕಾದದ್ದು ಇನ್ನೊಂದೆರಡು. ದತ್ತಾಂಶವನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ? ಒಂದೆರಡು ವರ್ಷ ಬಿಟ್ಟು ಮತ್ತೆ ವಿಶ್ಲೇಷಿಸುತ್ತೀರಾ? ಹೊಸ ಜೀನ್‌ಗಳು ಪತ್ತೆಯಾಗುತ್ತಲೇ ಇರುತ್ತವೆ. ರಕ್ತ ಮತ್ತೆ ತೆಗೆಯದೆ, ಅದೇ ದತ್ತಾಂಶದಲ್ಲಿ, ಇವತ್ತು ಕಾಣದ್ದು ನಾಳೆ ಕಾಣಬಹುದು. ಹುಡುಕದೇ ಇದ್ದ ಬೇರೆ ರೋಗದ ಜೀನ್ ಅಕಸ್ಮಾತ್ ಸಿಕ್ಕರೆ ಹೇಳಬೇಕಾ ಬೇಡವಾ ಅಂತ ಮೊದಲೇ ಮನೆಯವರನ್ನು ಕೇಳಿರಬೇಕು. ಅಂಥ ಜೀನ್‌ಗಳ ಎಸಿಎಂಜಿ ಪಟ್ಟಿ 2013ರಲ್ಲಿ 56ರಿಂದ ಶುರುವಾಗಿ ಈಗ 80 ದಾಟಿದೆ. ಫಾರಂಗೆ ಸಹಿ ಹಾಕಿಸುವಾಗ ಇದನ್ನು ಗಡಿಬಿಡಿಯಲ್ಲಿ ಮುಗಿಸುವವರನ್ನು ನೋಡಿದ್ದೇನೆ. ಕೂರಿಸಿ ಹೇಳಬೇಕಾದ ಮಾತು ಅದು.

ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ವಿಶ್ಲೇಷಕಿ ಇನ್ನೊಂದು ಮಾತು ಹೇಳಿದ್ದರು. "ಡಾಕ್ಟರ್, ಈ ಬದಲಾವಣೆ ಅಮ್ಮನಲ್ಲೂ ಇದೆ. ಆದರೆ ಫಾರಂನಲ್ಲಿ ಅಮ್ಮ ಆರೋಗ್ಯವಂತೆ ಅಂತ ಗುರುತು ಹಾಕಿದ್ದೀರಿ." ಅಪ್ಪ ಅಮ್ಮ ಮಗು ಮೂವರನ್ನೂ ಓದಿದಾಗ, ಜೀನ್‌ನ ಒಂದೇ ಪ್ರತಿ ಬದಲಾದರೂ ಬರುವ ಇಂಥ ರೋಗಕ್ಕೆ ಆರೋಗ್ಯವಂತ ಅಮ್ಮನಲ್ಲಿ ಇರುವುದನ್ನು ಜರಡಿ ಪಕ್ಕಕ್ಕೆ ಸರಿಸುತ್ತದೆ. ಹೊಸ್ತಿಲಿನ ಆಚೆಗಿನ ಜಾಗ ಅನ್ನುವುದು ಒಂದು ಕಾರಣವಾದರೆ, ಇದು ಎರಡನೆಯದು.

ಅಮ್ಮನನ್ನು ಕರೆಸಿದೆ. "ನಿಮಗೆ ಯಾವಾಗಾದರೂ ಮೂಳೆ ಮುರಿದಿತ್ತಾ?" ಚಿಕ್ಕವಳಿದ್ದಾಗ ಎರಡು ಸಲ, ಎಲ್ಲರಿಗೂ ಆಗುವ ಹಾಗೆ, ಅಂದರು. "ಅಂಗೈ ಮೇಲೆ ಮಾಡಿ" ಅಂದೆ. ಅವರು ಮಗನ ಹಾಗೇ ಭುಜ ಓರೆ ಮಾಡಿದರು. "ನನ್ನ ಕೈ ಮೊದಲಿಂದಲೂ ಹೀಗೇ. ಚಿಲ್ಲರೆ ಇಸ್ಕೊಳ್ಳುವಾಗ ಕಷ್ಟ ಆಗತ್ತೆ. ಇದೂ ಹೇಳಬೇಕಿತ್ತಾ?" ಎಕ್ಸ್‌ರೇ ತೆಗೆದೆವು. ಎರಡು ಮೂಳೆಯ ನಡುವೆ ಅದೇ ಬಿಳಿ ಏಣು, ಇನ್ನೂ ದಪ್ಪವಾಗಿ.

ಅವರನ್ನು ಯಾರೂ ಕೇಳಿರಲಿಲ್ಲ. ಫಾರಂನಲ್ಲಿ ಅಪ್ಪ ಅಮ್ಮನಿಗೆ 'ಹೌದು' ಅಥವಾ 'ಇಲ್ಲ' ಅನ್ನುವ ಎರಡು ಚೌಕ ಇದ್ದವು, ಯಾರೋ 'ಇಲ್ಲ' ಅನ್ನುವುದಕ್ಕೆ ಗುರುತು ಹಾಕಿದ್ದರು. ಈಗ ಮೂಳೆ ರೋಗದ ಅನುಮಾನ ಬಂದ ಮಗುವಿನ ಅಪ್ಪ ಅಮ್ಮ ಒಳಗೆ ಬಂದರೆ, ಫಾರಂ ತುಂಬುವ ಮೊದಲು ಅವರ ಕೈಯನ್ನೂ ಒಮ್ಮೆ ತಿರುಗಿಸಿ ನೋಡುತ್ತೇನೆ.